ಗುರುಬಸವ್ವನ ಏಳು ಆಳು

ಮಾರ್ಗಶಿರದಲ್ಲಿ ಇಬ್ಬನಿ ಆರುವ ತನಕ ಭತ್ತಕ್ಕೆ ಕುಡುಗೋಲು ಹಾಕುವಂತಿಲ್ಲ. ಒದ್ದೆ ದಂಟು ಕೈಯಲ್ಲಿ ಜಾರುತ್ತದೆ, ಕೊಯ್ದು ಹಾಸಿದ್ದು ಅಡಿಯಿಂದ ಮುಗ್ಗಲು ಹಿಡಿಯುತ್ತದೆ. ಹಾಗಾಗಿ ಚಿಗಳ್ಳಿಯ ಕೆಳಗಿನ ಗದ್ದೆಗಳಿಗೆ ಹೆಂಗಸರು ಇಳಿಯುವಾಗ ಒಂಬತ್ತು ಗಂಟೆ ದಾಟಿರುತ್ತದೆ. ಆ ಗುರುವಾರ ಕರಿಬಸಪ್ಪನ ಗದ್ದೆಯಲ್ಲಿ ಮೂವರು ಸಾಲು ಹಿಡಿದು ಬಗ್ಗಿದ್ದರು: ನೆರೆಮನೆಯ ಗುರುಬಸವ್ವ, ಅವಳ ಸೊಸೆ, ಓಣಿಯ ಕೊನೆಯ ಮನೆಯ ಕಾಶೆವ್ವ. ಎಡಗೈ ಹಿಡಿ ತುಂಬುವುದು, ಬಲಗೈ ಎಳೆಯುವುದು, ಹಿಡಿಯನ್ನು ಪಕ್ಕಕ್ಕೆ ಹಾಸುವುದು. ಕರಿಬಸಪ್ಪ ಎರಡು ದಿನದ ಹಿಂದೆ ತಾನೊಬ್ಬನೇ ಕೊಯ್ದಿದ್ದ ಮೂಲೆಯಲ್ಲಿ ಹಿಡಿಗಳನ್ನು ಕೂಡಿಸಿ ಸಿವುಡು ಕಟ್ಟುತ್ತಿದ್ದ. ಮೇಲಿನ ಬಯಲಿಗೆ ಕೊಯ್ಲಿನ ಯಂತ್ರ ಬಂದಿತ್ತು, ಅದರ ಸದ್ದು ಕೇಳುತ್ತಿತ್ತು. ಈ ಕೆಳಗಿನ ಗದ್ದೆಗಳಲ್ಲಿ ಇನ್ನೂ ಕಾಲು ಹೂಳುವಷ್ಟು ಹಸಿ. ಅಲ್ಲದೆ ಯಂತ್ರ ಹುಲ್ಲನ್ನು ತುಂಡು ತುಂಡು ಮಾಡಿ ಚೆಲ್ಲುತ್ತದೆ. ಕೊಟ್ಟಿಗೆಯ ಎಮ್ಮೆಗಳಿಗೆ ವರ್ಷವಿಡೀ ಬೇಕಾದ್ದು ಆ ಹುಲ್ಲೇ.

ಕರಿಬಸಪ್ಪನ ಮಗಳು ಪೂರ್ಣಿಮಾ ಬದುವಿನ ಮೇಲೆ ಗೋಣಿಚೀಲ ಹಾಸಿಕೊಂಡು ಕುಳಿತಿದ್ದಳು. ತೊಡೆಯ ಮೇಲೆ ಆಡಿಟಿಂಗಿನ ದಪ್ಪ ಪುಸ್ತಕ, ಕಿವಿಯ ಹಿಂದೆ ಪೆನ್ಸಿಲ್. ಚಹಾ, ನೀರು, ಬುತ್ತಿ ತಂದು ಕೊಡುವುದಷ್ಟೇ ಅವಳಿಗೆ ಒಪ್ಪಿಸಿದ ಕೆಲಸ. ಇಪ್ಪತ್ನಾಲ್ಕು ವರ್ಷದ, ಕೈಕಾಲು ಗಟ್ಟಿ ಇರುವ ಹುಡುಗಿ ಸುಗ್ಗಿಯ ಹೊತ್ತಿನಲ್ಲಿ ಬದುವಿನ ಮೇಲೆ ಕೂತಿರುವುದು ಆ ಊರಿಗೆ ಹೊಸದು. ಗುರುಬಸವ್ವ ಸೊಂಟ ನೆಟ್ಟಗೆ ಮಾಡಿಕೊಳ್ಳಲು ಎದ್ದು ನಿಂತಾಗೆಲ್ಲ ಅವಳನ್ನು ಛೇಡಿಸದೆ ಬಿಡುತ್ತಿರಲಿಲ್ಲ.

"ಏನ್ರಿ ಸಾಹೇಬ್ರ, ನಾವು ಕೊಯ್ದದ್ದು ಸರಿ ಐತೋ ಇಲ್ಲೋ? ನೋಡಿ ಸಹಿ ಹಾಕ್ರಿ."

"ಒಂದು ಸಾಲು ಬುಡ ಬಿಟ್ಟು ಕೊಯ್ದೀರಿ ದೊಡ್ಡವ್ವ. ಬರ್ಕೊಂಡೇನಿ."

"ಬರ್ಕೊ, ಬರ್ಕೊ. ಪಗಾರ ಹಿಡಿ ಮತ್ತ."

ಪಗಾರದ ಮಾತಿಗೆ ಮೂವರೂ ನಕ್ಕರು, ಏಕೆಂದರೆ ಅಲ್ಲಿ ಯಾರಿಗೂ ಪಗಾರವಿರಲಿಲ್ಲ. ಅದು ಮುಯ್ಯಿ. ಇವತ್ತು ನಿಮ್ಮ ಮನೆಯ ಆಳು ನಮ್ಮ ಗದ್ದೆಗೆ, ನಾಳೆ ನಮ್ಮ ಮನೆಯ ಆಳು ನಿಮ್ಮ ಗದ್ದೆಗೆ. ಒಂದು ದಿನಕ್ಕೆ ಒಂದು ದಿನ. ದುಡ್ಡು ಕೊಟ್ಟು ತೀರಿಸುವಂತಿಲ್ಲ, ಕೊಟ್ಟರೆ ಓಣಿಯವರನ್ನು ಕೂಲಿಯವರನ್ನಾಗಿ ಮಾಡಿದಂತಾಗುತ್ತದೆ. ನಾಟಿಗೆ ಬಂದ ಆಳನ್ನು ಅದೇ ಬೆಳೆಯ ಕೊಯ್ಲು ಮುಗಿದು ಕಣದ ಪೂಜೆ ಆಗುವುದರೊಳಗೆ ಮರಳಿಸಬೇಕು. ಮರಳಿಸದ ಮನೆಯನ್ನು ಯಾರೂ ಬೈಯುವುದಿಲ್ಲ. ಮುಂದಿನ ಮಳೆಗಾಲ ಕರೆಯಲು ಹೋದಾಗ ಎಲ್ಲರಿಗೂ ಬೇರೇನೋ ಕೆಲಸ ಇರುತ್ತದೆ, ಅಷ್ಟೆ.

ಪೂರ್ಣಿಮಾಗೆ ಉಳಿದಿದ್ದದ್ದು ಮೂವತ್ತಾರು ದಿನ. ಜನವರಿ ಮೂರನೆಯ ವಾರದಲ್ಲಿ ಹುಬ್ಬಳ್ಳಿಯಲ್ಲಿ ಸಿಎ ಇಂಟರ್ ಪರೀಕ್ಷೆ. ಮೊದಲನೆಯ ಗುಂಪನ್ನು ಅವಳು ಒಂದೇ ಏಟಿಗೆ ಪಾಸು ಮಾಡಿದ್ದಳು. ಎರಡನೆಯ ಗುಂಪು ಎರಡು ಸಲ ಕೈಕೊಟ್ಟಿತ್ತು, ಎರಡು ಸಲವೂ ಆಡಿಟಿಂಗ್ ಪತ್ರಿಕೆಯೊಂದರಿಂದಲೇ. ಬೇಕಾದದ್ದು ನಲವತ್ತು, ಬಂದದ್ದು ಮೊದಲು ಮೂವತ್ತೈದು, ಆಮೇಲೆ ಮೂವತ್ತೆಂಟು. ಹಳಿಯಾಳದ ಆಡಿಟರ್ ಅಡಿವೆಯ್ಯನವರ ಕಚೇರಿಯಲ್ಲಿ ಅವಳು ಒಂದೂವರೆ ವರ್ಷ ಕಾಗದಪತ್ರ ಜೋಡಿಸುವ ಕೆಲಸ ಮಾಡಿದ್ದಳು. ಪರೀಕ್ಷೆ ಪಾಸಾದರೆ ಅಲ್ಲಿಯೇ ಸಿಎ ತರಬೇತಿಗೆ, ಅಂದರೆ ಆರ್ಟಿಕಲ್‌ಶಿಪ್‌ಗೆ ತೆಗೆದುಕೊಳ್ಳುತ್ತೇನೆ ಎಂದು ಅವರು ಮಾತು ಕೊಟ್ಟಿದ್ದರು. ಈ ವರ್ಷ ಇರುವುದು ಒಂದೇ ಜಾಗ, ಮಾರ್ಚ್ ತನಕ ಹಿಡಿದಿಡುತ್ತೇನೆ, ಆಮೇಲೆ ನನ್ನ ಕೈಯಲ್ಲಿಲ್ಲ ಎಂದೂ ಹೇಳಿದ್ದರು.

ಹೋದ ಸಲದ ಉತ್ತರಪತ್ರಿಕೆಯ ಪ್ರತಿಯನ್ನು ಅವಳು ಅವರಿಗೆ ಕಳಿಸಿದ್ದಳು. ಓದಿ ಫೋನ್ ಮಾಡಿದ್ದರು.

"ನೀ ಬರ್ದದ್ದು ತಪ್ಪಿಲ್ಲವಾ. ಪುಸ್ತಕ ಇದ್ದಂಗ ಬರ್ದೀ. ಆದ್ರ ಅವರು ಪ್ರಶ್ನಿಯೊಳಗ ಒಂದು ಫ್ಯಾಕ್ಟರಿ ಕಥಿ ಹೇಳ್ಯಾರಲ್ಲ, ನೀ ಆ ಫ್ಯಾಕ್ಟರಿಯೊಳಗ ಹೆಜ್ಜೀನ ಇಟ್ಟಿಲ್ಲ. ಬಾಗಲದಾಗ ನಿಂತು ಮಂತ್ರ ಹೇಳಿ ಬಂದೀ."

ಮನೆಯಲ್ಲಿ ಯಾವುದಾದರೂ ಲೆಕ್ಕ ಇದ್ದರೆ ಅದನ್ನೇ ಹಿಡಿದು ಆಡಿಟ್ ಮಾಡಿ ನೋಡು, ಸಣ್ಣದಾದರೂ ನಡೆಯುತ್ತದೆ, ಕೈಯಲ್ಲಿ ಹಿಡಿದು ನೋಡಿದ್ದು ಮರೆಯುವುದಿಲ್ಲ ಎಂದಿದ್ದರು. ಬದುವಿನ ಮೇಲೆ ಕೂತು ಅವಳು ಅದನ್ನೇ ಯೋಚಿಸುತ್ತಿದ್ದಳು. ಮನೆಯಲ್ಲಿ ಇದ್ದ ಲೆಕ್ಕ ಒಂದೇ: ಆಯಿಯ ಗೀಟುಗಳು.

ಆಯಿ ಎಂದರೆ ಅಪ್ಪನ ತಾಯಿ ಮುದಕವ್ವ. ಅಡುಗೆಮನೆಯ ಬಾಗಿಲ ಹಿಂದಿನ ಗೋಡೆಯಲ್ಲಿ ಅವಳು ಸುಣ್ಣದಿಂದ ಮುಯ್ಯಿಯ ಲೆಕ್ಕ ಇಡುತ್ತಿದ್ದಳು. ಒಂದೊಂದು ಮನೆಗೆ ಒಂದೊಂದು ಸಾಲು, ನಾವು ಕೊಡಬೇಕಾದ ಆಳಿಗೆ ಒಂದೊಂದು ಗೀಟು. ಆಳು ಮರಳಿಸಿದ ದಿನ ಹೆಬ್ಬೆರಳಿನಿಂದ ಒಂದು ಗೀಟು ಒರೆಸುವುದು. ಅವಳು ಸೊಸೆಯಾಗಿ ಬಂದಾಗಿನಿಂದ ಆ ಗೋಡೆಗೆ ಬೇರೆ ಬಣ್ಣ ಹಚ್ಚಲು ಯಾರಿಗೂ ಬಿಟ್ಟಿರಲಿಲ್ಲ.

ಅಂದು ಸಂಜೆ ಪೂರ್ಣಿಮಾ ಎಂದಿನಂತೆ ಆಯಿಗೆ ಕುಳಿತುಕೊಳ್ಳಲು ಒಲೆಯ ಹತ್ತಿರ ಸ್ಟೂಲ್ ತಂದಿಟ್ಟು, ತನ್ನ ಓದಿಗಾಗಿ ಗೋಡೆಯ ಲೆಕ್ಕವನ್ನು ಆಡಿಟ್ ಮಾಡುತ್ತೇನೆ ಎಂದಳು. ಮುದಕವ್ವನಿಗೆ ಅದೇನೆಂದು ಬಿಡಿಸಿ ಹೇಳಬೇಕಾಯಿತು. ಬೇರೆಯವರು ಬರೆದಿಟ್ಟ ಲೆಕ್ಕವನ್ನು ಮೂರನೆಯವರು ಬಂದು ನೋಡುವುದು, ಹೇಳಿದ್ದನ್ನೆಲ್ಲ ಹಾಗೇ ಒಪ್ಪಿಕೊಳ್ಳದೆ ಸಾಕ್ಷಿ ಕೇಳುವುದು, ಆಮೇಲೆ ಸರಿ ಇದೆ ಅಥವಾ ಇಲ್ಲ ಎಂದು ಬರೆದು ಕೊಡುವುದು.

"ಹಂಗಂದ್ರ ನೀ ಯಾರನ್ನೂ ನಂಬೂದಿಲ್ಲ," ಎಂದಳು ಮುದಕವ್ವ.

"ಕಳ್ಳರು ಅಂತ ಅನ್ನೂದಿಲ್ಲ ಆಯಿ. ಸಾಚಾ ಅಂತನೂ ಮೊದಲ ಅನ್ನೂದಿಲ್ಲ. ನೋಡಿ ಅನ್ನೂದು."

"ಹೆಣ್ಣು ನೋಡಾಕ ಬಂದವರಂಗ."

ಒಳಗೆ ರೊಟ್ಟಿ ತಟ್ಟುತ್ತಿದ್ದ ತಾಯಿ ಶೈಲಾ ನಕ್ಕಳು. ನೋಡು, ಬೇಕಾದ್ದು ನೋಡು, ನನ್ನ ಗೀಟು ಎಲ್ಲಿಗೂ ಓಡಿ ಹೋಗುವುದಿಲ್ಲ ಎಂದು ಮುದಕವ್ವ ಅಡಕೆ ಕತ್ತರಿಸತೊಡಗಿದಳು.

ಗೋಡೆಯಲ್ಲಿ ಕಾಶೆವ್ವನ ಸಾಲಿನಲ್ಲಿ ಒಂದು ಗೀಟೂ ಇರಲಿಲ್ಲ. ಗುರುಬಸವ್ವನ ಸಾಲಿನಲ್ಲಿ ಏಳು ಇದ್ದವು. ಪೂರ್ಣಿಮಾ ನೋಟುಪುಸ್ತಕದಲ್ಲಿ ಅದನ್ನು ಬರೆದುಕೊಂಡಳು. ಪುಸ್ತಕದ ಪ್ರಕಾರ ಮುಂದಿನ ಹೆಜ್ಜೆ ಎದುರಿನ ಕಡೆಯವರಿಂದ ನೇರವಾಗಿ ಖಾತ್ರಿ ಮಾಡಿಕೊಳ್ಳುವುದು. ಅದೂ ನಮ್ಮ ಅಂಕಿ ಹೇಳದೆ, ಅವರ ಬಾಯಿಂದಲೇ ಅಂಕಿ ಬರಿಸುವುದು.

ಮರುದಿನ ಬೆಳಿಗ್ಗೆ ಅವಳು ಮೊದಲು ಕಾಶೆವ್ವನ ಮನೆಗೆ ಹೋದಳು. ನಮ್ಮ ಮನೆಯಿಂದ ನಿಮಗೆ ಎಷ್ಟು ಆಳು ಬರಬೇಕು ಎಂದು ಕೇಳಿದಾಗ ಕಾಶೆವ್ವ ಎಮ್ಮೆ ಮೈ ತೊಳೆಯುವುದನ್ನು ನಿಲ್ಲಿಸಲಿಲ್ಲ. ಏನೂ ಇಲ್ಲ, ನಿಮ್ಮಪ್ಪ ಮೂರು ಆಳಿಗೆ ಒಂದು ದಿನ ಎತ್ತು ಹೂಡಿ ಕೊಟ್ಟಿದ್ದಾನೆ, ನಾಟಿಯ ಎರಡು, ನಿನ್ನೆಯ ಕೊಯ್ಲಿನದು ಒಂದು, ಅಲ್ಲಿಗಲ್ಲಿಗೆ ಆಯಿತು ಎಂದಳು. ಗೋಡೆಯ ಸಾಲಿಗೂ ಈ ಮಾತಿಗೂ ತಾಳೆಯಾಯಿತು. ಪೂರ್ಣಿಮಾ ಖುಷಿಯಿಂದ ಒಂದು ಸರಿ ಗುರುತು ಹಾಕಿಕೊಂಡಳು.

ಗುರುಬಸವ್ವ ಕಟ್ಟೆಯ ಮೇಲೆ ಕುಡುಗೋಲು ಮಸೆಯುತ್ತ ಕೂತಿದ್ದಳು. ಪೂರ್ಣಿಮಾ ಅವಳಿಗೂ ಅದೇ ಪ್ರಶ್ನೆ ಕೇಳಿದಳು. ಯಾಕೆ ಕೇಳುತ್ತೀ ಎಂದಳು. ಓದಿಗೆ ಎಂದು ಪೂರ್ಣಿಮಾ ಹೇಳಿದಳು.

"ಎರಡು," ಎಂದಳು ಗುರುಬಸವ್ವ.

ಪೂರ್ಣಿಮಾ ಪೆನ್ಸಿಲ್ ಎತ್ತಿದಳು. ಎರಡೇ ಹೇಗೆ, ನಾಟಿಯದು ಎಲ್ಲಿ ಹೋಯಿತು ಎಂದು ಕೇಳಿದಳು. ನಿನ್ನೆ ನಾನು, ನನ್ನ ಸೊಸೆ ಬಂದೆವಲ್ಲ, ಅವೆರಡು. ನಾಟಿಯದೆಲ್ಲ ಆಗಲೇ ಮುಗಿಯಿತು, ನಿಮ್ಮ ಆಯಿ ನಮ್ಮ ಗದ್ದೆಗೆ ಬಂದು ಕಳೆ ತೆಗೆದು ತೀರಿಸಿದಳು, ನೀನು ಆಗ ಹಳಿಯಾಳದಲ್ಲಿದ್ದಿ, ನಿನಗೆಲ್ಲಿ ಗೊತ್ತು ಎಂದು ಗುರುಬಸವ್ವ ಮಸೆಗಲ್ಲಿನ ಮೇಲೆ ನೀರು ಚಿಮುಕಿಸಿದಳು.

ಪೂರ್ಣಿಮಾ ಸರಸರನೆ ಮನೆಗೆ ನಡೆದಳು. ಪುಸ್ತಕದಲ್ಲಿ ಬರುವಂಥ ಒಂದು ವ್ಯತ್ಯಾಸ ತನ್ನ ಕೈಗೇ ಸಿಕ್ಕಿತ್ತು. ಮನೆಯ ಒಳಗಿನ ಬರಹಕ್ಕಿಂತ ಹೊರಗಿನವರು ನೇರವಾಗಿ ಕೊಟ್ಟ ಸಾಕ್ಷಿ ಗಟ್ಟಿ. ಪುಸ್ತಕದ ಈ ಸಾಲಿನ ಕೆಳಗೆ ಅವಳು ಎರಡು ಸಲ ಗೆರೆ ಎಳೆದಿದ್ದಳು. ಆಯಿಗೆ ಎಪ್ಪತ್ತೊಂಬತ್ತು ವರ್ಷ. ಮೊನ್ನೆ ಚಷ್ಮಾ ಹಣೆಯ ಮೇಲೇ ಇಟ್ಟುಕೊಂಡು ಮನೆಯೆಲ್ಲ ಹುಡುಕಿದ್ದಳು. ಹೋದ ವಾರ ಎಮ್ಮೆಗೆ ಎರಡು ಸಲ ಹಿಂಡಿ ಇಟ್ಟಿದ್ದಳು. ಐದು ಗೀಟು ಒರೆಸಲು ಮರೆತಿದ್ದರೆ ಆಶ್ಚರ್ಯವೇನಿಲ್ಲ. ಆಯಿ ಹಿತ್ತಲಲ್ಲಿದ್ದಳು. ಪೂರ್ಣಿಮಾ ಒದ್ದೆ ಬಟ್ಟೆ ತೆಗೆದುಕೊಂಡು ಗುರುಬಸವ್ವನ ಸಾಲಿನ ಐದು ಗೀಟುಗಳನ್ನು ಒರೆಸಿದಳು. ಆಮೇಲೆ ಬದುವಿಗೆ ಹೋಗಿ ಎರಡು ಪುಟ ಬರೆದಳು. ಇಷ್ಟು ಸಲೀಸಾಗಿ ಆಡಿಟಿಂಗಿನ ಉತ್ತರ ಅವಳ ಕೈಯಿಂದ ಯಾವತ್ತೂ ಇಳಿದಿರಲಿಲ್ಲ.

ಮುದಕವ್ವ ಅದನ್ನು ಕಂಡದ್ದು ಮಧ್ಯಾಹ್ನ. ಗೋಡೆಯ ಆ ಭಾಗ ಇನ್ನೂ ತೇವವಾಗಿ, ಉಳಿದ ಕಡೆಗಿಂತ ಕಪ್ಪಾಗಿತ್ತು. ಅವಳು ಕೂಗಾಡಲಿಲ್ಲ. ಊಟಕ್ಕೆ ಬಂದ ಮೊಮ್ಮಗಳನ್ನು ಹತ್ತಿರ ಕರೆದು, ಯಾರು ಒರೆಸಿದರು ಎಂದು ಕೇಳಿದಳು. ಪೂರ್ಣಿಮಾ ನಡೆದದ್ದನ್ನೆಲ್ಲ ಹೇಳಿದಳು. ಹೊರಗಿನ ಸಾಕ್ಷಿಯ ಮಾತನ್ನೂ ಹೇಳಿದಳು. 

ಆಮೇಲೆ ಮುದಕವ್ವ ಬೆರಳು ಮಡಚತೊಡಗಿದಳು. ಜುಲೈಯಲ್ಲಿ ಶೈಲಾಳ ಹೊಟ್ಟೆಯ ಆಪರೇಷನ್ ಆಗಿ ಎಂಟು ದಿನವಾಗಿತ್ತು. ಗುರುಬಸವ್ವ ತನ್ನ ಗದ್ದೆಯ ನಾಟಿ ಅರ್ಧಕ್ಕೆ ಬಿಟ್ಟು ಸೊಸೆಯನ್ನು ಕರೆದುಕೊಂಡು ಬಂದಳು, ಎರಡು ದಿನ, ಅಲ್ಲಿಗೆ ನಾಲ್ಕು ಆಳು. ಎರಡನೆಯ ದಿನ ಸೊಸೆಯ ಕಾಲಿಗೆ ಗಾಜು ಚುಚ್ಚಿತು, ಅರಿಶಿಣ ಕಟ್ಟಿಕೊಂಡು ಸಂಜೆಯ ತನಕ ನಿಂತಳು. ಶ್ರಾವಣದ ಮೂರನೆಯ ಸೋಮವಾರ ಕಳೆಗೆ ಗುರುಬಸವ್ವ ಒಬ್ಬಳೇ ಬಂದಳು, ಉಪವಾಸ ಇದ್ದಳು, ಬಾಳೆಹಣ್ಣು ತಿಂದಳು. ಐದು. ನಿನ್ನೆ ಇಬ್ಬರು. ಏಳು.

"ನಾ ಹೋಗಿ ಕಳೆ ತೆಗದೆ ಅಂದ್ಲಾ?" ಎಂದಳು ಮುದಕವ್ವ. "ಮೂರು ವರ್ಷ ಆತು ಈ ಮೊಳಕಾಲು ಬಗ್ಗಿ. ದಿನಾ ಸ್ಟೂಲ್ ತಂದು ಹಾಕಾಕಿ ಯಾರವಾ?"

ಪೂರ್ಣಿಮಾ ತಲೆ ತಗ್ಗಿಸಿದಳು. ಸ್ಟೂಲ್ ತಂದು ಹಾಕುತ್ತಿದ್ದವಳು ಅವಳೇ. ನೆಲಕ್ಕೆ ಕೂರಲಾರದ ಆಯಿ ಕೆಸರಿನಲ್ಲಿ ಬಗ್ಗಿ ಕಳೆ ಕಿತ್ತಳು ಎಂಬ ಮಾತನ್ನು ಪೆನ್ಸಿಲಿನಿಂದ ಬರೆದುಕೊಂಡು, ಕೆಳಗೆ ಗೆರೆ ಎಳೆದು ಬಂದಿದ್ದಳು. ಬಾಗಿಲಲ್ಲಿ ನಿಂತು ಮಂತ್ರ ಹೇಳುವುದೆಂದರೆ ಇದೇ ಎಂದು ಅವಳಿಗೆ ಈಗ ಹೊಳೆಯಿತು. ಕಾಶೆವ್ವನ ಅಂಕಿ ತಾಳೆಯಾಯಿತು ಎಂದು ಗುರುಬಸವ್ವನದನ್ನೂ ನಂಬಿದ್ದಳು. ಇಬ್ಬರ ಮನಸ್ಸಿನಲ್ಲಿ ಏನಿದೆ ಎಂದು ನೋಡಿರಲಿಲ್ಲ.

ಆದರೆ ಅರ್ಥವಾಗದ್ದು ಒಂದು ಉಳಿದಿತ್ತು. ಬರಬೇಕಾದ್ದನ್ನು ಕಡಿಮೆ ಮಾಡಿ ಹೇಳಿ ಯಾರಿಗೆ ಏನು ಲಾಭ? ಪುಸ್ತಕದ ತುಂಬ ಕೊಡಬೇಕಾದವರು ಮುಚ್ಚಿಡುತ್ತಾರೆ, ಬಾಕಿ ಬರಬೇಕಾದವರು ಹೆಚ್ಚು ಕೇಳುತ್ತಾರೆ. ಅವಳು ಅದನ್ನು ಬಾಯಿಬಿಟ್ಟು ಕೇಳಿದಾಗ ಶೈಲಾ ಒಳಗಿನಿಂದ ಹೊರಬಂದಳು. ನಾಲ್ಕು ದಿನದ ಹಿಂದೆ ನಳದ ಹತ್ತಿರ ಗುರುಬಸವ್ವ ಅವಳನ್ನು ಕೇಳಿದ್ದಳಂತೆ, ಹುಡುಗಿಯ ಪರೀಕ್ಷೆಗೆ ಇನ್ನೆಷ್ಟು ದಿನ, ಹೋದ ಸಲ ಎಷ್ಟಕ್ಕೆ ತಪ್ಪಿತು ಎಂದು. ಶೈಲಾ ಹೇಳಿದ್ದಳು. ಗುರುಬಸವ್ವ ಕೊಡ ತುಂಬುವ ತನಕ ಬೆರಳಿನ ಮೇಲೆ ಏನೋ ಎಣಿಸುತ್ತಿದ್ದಳಂತೆ.

 ಲೆಕ್ಕ ಎಲ್ಲರಿಗೂ ತಿಳಿಯುತ್ತಿತ್ತು. ಶೈಲಾ ಆರು ತಿಂಗಳು ಬಗ್ಗಬಾರದೆಂದು ಡಾಕ್ಟರು ಹೇಳಿದ್ದರು. ಮುದಕವ್ವನ ಮೊಳಕಾಲು ಹೀಗೆ. ಗುರುಬಸವ್ವನ ಮನೆಯಲ್ಲಿ ಸ್ವಂತ ಎತ್ತುಗಳಿದ್ದುದರಿಂದ ಕಾಶೆವ್ವನಿಗೆ ಕೊಟ್ಟಂತೆ ಎತ್ತು ಹೂಡಿಯೂ ತೀರಿಸುವಂತಿಲ್ಲ, ಹೆಣ್ಣಾಳಿಗೆ ಹೆಣ್ಣಾಳೇ ಹೋಗಬೇಕು. ಏಳು ಆಳು ಎಂದರೆ ಪೂರ್ಣಿಮಾಳ ಏಳು ದಿನ, ಅವಳಿಗೆ ಉಳಿದ ಮೂವತ್ತೈದರಲ್ಲಿ. ಗುರುಬಸವ್ವ ಅದರಲ್ಲಿ ಐದನ್ನು ಒಂದು ಸುಳ್ಳು ಹೇಳಿ ತಾನೇ ಅಳಿಸಿದ್ದಳು.

ಮುದಕವ್ವ ಸುಣ್ಣದ ಡಬ್ಬಿ ತರಿಸಿ ಐದು ಗೀಟುಗಳನ್ನು ಮತ್ತೆ ಎಳೆದಳು.  ನಾನೇ ಹೋಗುತ್ತೇನೆ, ಸ್ಟೂಲ್ ಒಯ್ದು ಅದರ ಮೇಲೆ ಕೂತು ಕೊಯ್ಯುತ್ತೇನೆ, ನೀನು ಓದು ಎಂದಳು. ಗದ್ದೆಯಲ್ಲಿ ಸ್ಟೂಲ್ ಹೂತು ಹೋಗುತ್ತದೆ ಆಯಿ ಎಂದು ಪೂರ್ಣಿಮಾ ಹೇಳಿದಳು. ಇಬ್ಬರಿಗೂ ನಗು ಬಂತು, ಆದರೆ ಮುದಕವ್ವ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಐವತ್ತೆಂಟು ವರ್ಷದಲ್ಲಿ ಈ ಮನೆಯ ಮುಯ್ಯಿ ಕಣದ ಪೂಜೆ ದಾಟಿರಲಿಲ್ಲ.

ಸೋಮವಾರ ಗುರುಬಸವ್ವನ ಗದ್ದೆಯ ಕೊಯ್ಲು ಶುರುವಾಯಿತು. ಪೂರ್ಣಿಮಾ ತಾಯಿಯ ಕುಡುಗೋಲು ಹಿಡಿದು, ತಲೆಗೆ ಟವೆಲ್ ಸುತ್ತಿಕೊಂಡು, ಎಲ್ಲರಿಗಿಂತ ಮೊದಲು ಹೋಗಿ ನಿಂತಿದ್ದಳು. ಸೊಸೆಯ ಜೊತೆ ಬಂದ ಗುರುಬಸವ್ವ ಅವಳನ್ನು ಅಡಿಯಿಂದ ಮುಡಿಯ ತನಕ ನೋಡಿದಳು.

"ಇಲ್ಲೂ ಬದು ಐತಿ. ಅಲ್ಲೇ ಕುಂಡ್ರು, ಹೋಗು."

"ಏಳು ಆಳು ಕೊಡೂದೈತಿ ದೊಡ್ಡವ್ವ."

"ಎರಡು ಅಂದಿದ್ನಲ್ಲ."

"ಅಂದ್ರಿ. ಆಯಿ ಬಂದು ಕಳೆ ತೆಗದ್ಲು ಅಂತನೂ ಅಂದ್ರಿ. ಹೆಂಗ ಬಂದ್ಲು, ನೀವೇನು ಹೊತ್ಕೊಂಡು ಬಂದಿದ್ರೇನು?"

ಸೊಸೆ ಸೆರಗು ಬಾಯಿಗಿಟ್ಟು ನಕ್ಕಳು. ಗುರುಬಸವ್ವ ಅವಳತ್ತ ಕಣ್ಣು ಬಿಟ್ಟು, ಕುಡುಗೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. ಸಿಕ್ಕಿಬಿದ್ದವಳ ಮುಖವಲ್ಲ ಅದು. ಕೊಟ್ಟದ್ದನ್ನು ಮರಳಿ ತಂದಿಟ್ಟಾಗ ಆಗುವ ಸಿಟ್ಟು.

"ನಿನಗ ಎರಡು ಮಾರ್ಕ್ ಕಡಿಮಿ ಬಿದ್ದಾವ ಅಂತ ನಿಮ್ಮವ್ವ ಅಂದ್ಲು," ಎಂದಳು. "ನನ್ನ ಕಡೆ ಮಾರ್ಕ್ ಇಲ್ಲ. ಐದು ದಿನ ಇದ್ವು, ಕೊಟ್ಟೆ. ಅದರಾಗ ಏನು ಕೇಳೂದೈತಿ?"

 ಪೂರ್ಣಿಮಾ ಗದ್ದೆಗಿಳಿದು ಒಂದು ಹಿಡಿ ಕೊಯ್ದಳು, ಹಾಸಿದಳು, ಇನ್ನೊಂದು ಕೊಯ್ದಳು. ಬೆನ್ನು ಬಗ್ಗಿಸಿಕೊಂಡೇ ಹೇಳಿದಳು:

"ಕೊಡ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಕೊಟ್ಟದ್ದನ್ನ ಇಲ್ಲ ಅನಬ್ಯಾಡ್ರಿ. ಐತಿ ಅನ್ರಿ. ನಾ ಕಲಿಯೂದು ಸಾಲ ತೀರಿಸೂ ವಿದ್ಯೆ ಅಲ್ಲ, ಎಷ್ಟು ಐತಿ ಅಂತ ಸರಿಯಾಗಿ ಹೇಳೂ ವಿದ್ಯೆ. ನನ್ನ ಸಲುವಾಗಿ ನೀವು ಸುಳ್ಳು ಹೇಳಿದ್ರ ನಾ ಏನು ಓದಿದಂಗಾತು?"

 ಗುರುಬಸವ್ವ ಪಕ್ಕದ ಸಾಲು ಹಿಡಿದು ಬಗ್ಗಿದಳು. ಆ ವಯಸ್ಸಿನಲ್ಲೂ ಅವಳು ಮೂರು ಹಿಡಿ ಹಾಸುವಷ್ಟರಲ್ಲಿ ಪೂರ್ಣಿಮಾ ಒಂದು ಹಾಸುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಪೂರ್ಣಿಮಾಳ ಅಂಗೈಯಲ್ಲಿ ಎರಡು ಗುಳ್ಳೆ ಎದ್ದವು. ಇದನ್ನು ಒಂದು ಆಳು ಎನ್ನಬೇಕೋ ಅರ್ಧ ಆಳು ಎನ್ನಬೇಕೋ ಎಂದು ಸೊಸೆ ಕೇಳಿದಳು. ದಿನಕ್ಕೆ ದಿನ, ಕೈಗೆ ಕೈ ಅಲ್ಲ, ನೀನು ಕಾಲಿಗೆ ಗಾಜು ಚುಚ್ಚಿಕೊಂಡ ದಿನವನ್ನು ಮುದಕವ್ವತ್ತೆ ಪೂರ್ತಿ ಆಳೆಂದೇ ಹಿಡಿದಿದ್ದಾಳೆ ಎಂದು ಗುರುಬಸವ್ವ ಗದರಿದಳು. ಹೇಳಿದ ಮೇಲೆ, ನಾಟಿಯ ಲೆಕ್ಕವನ್ನು ತಾನೇ ಒಪ್ಪಿಕೊಂಡದ್ದು ಅವಳಿಗೆ ಗೊತ್ತಾಯಿತು. ಪೂರ್ಣಿಮಾ ಬುತ್ತಿ ಬಿಚ್ಚಿದಳು.

ಎರಡು ದಿನ ಹೀಗೆ ನಡೆಯಿತು. ಮೂರನೆಯ ದಿನ ಬೆಳಿಗ್ಗೆ ಪೂರ್ಣಿಮಾ ಕುಡುಗೋಲು ಹುಡುಕಿದರೆ ಅದು ಮನೆಯಲ್ಲಿರಲಿಲ್ಲ. ಮುದಕವ್ವ ಅದನ್ನು ಸೀರೆಯ ಮಡಿಕೆಯಲ್ಲಿ ಇಟ್ಟುಕೊಂಡು, ಗೋಡೆ ಹಿಡಿಯುತ್ತ ಹಿಡಿಯುತ್ತ ಗುರುಬಸವ್ವನ ಕಟ್ಟೆಗೆ ಹೋಗಿದ್ದಳು. ಪೂರ್ಣಿಮಾ ಓಡಿ ಹೋಗುವಷ್ಟರಲ್ಲಿ ಇಬ್ಬರೂ ಎದುರುಬದುರು ಕೂತಿದ್ದರು. ಮುದಕವ್ವ ಎರಡು ದಿನದಿಂದ ಮೊಮ್ಮಗಳನ್ನು ನೋಡಿದ್ದಳು. ಗುಳ್ಳೆಯಾದ ಕೈಯಿಂದ ಪೆನ್ನು ಹಿಡಿಯಲಾಗದೆ, ಪುಸ್ತಕ ಬಿಚ್ಚಿಟ್ಟುಕೊಂಡೇ ಅವಳು ತೂಕಡಿಸುತ್ತಿದ್ದಳು.

"ಗುರುಬಸವ್ವಾ," ಎಂದಳು ಮುದಕವ್ವ, "ಐದು ಆಳು ಬಾಕಿ ಅದಾವು. ಕಣದ ಪೂಜಿ ಒಳಗ ನನ್ನ ಕಡಿಂದ ಆಗೂದಿಲ್ಲ. ಪರೀಕ್ಷೆ ಮುಗಿಯೂ ಮಟ ತಡೀಬೇಕು ನೀ."

ಅಷ್ಟು ಹೇಳಲು ಅವಳಿಗೆ ಬಹಳ ಹೊತ್ತು ಬೇಕಾಯಿತು. ಗುರುಬಸವ್ವ ಇಲ್ಲವೆನ್ನಲು ಬಾಯಿ ತೆರೆದವಳು, ಕಟ್ಟೆಯ ಕೆಳಗೆ ನಿಂತಿದ್ದ ಪೂರ್ಣಿಮಾಳನ್ನು ನೋಡಿ ತಡೆದಳು.

"ಅದಾವು ಅತ್ತಿ," ಎಂದಳು. "ಐದು ಅದಾವು. ತಡೀತೇನಿ."

ಆಮೇಲೆ ಒಳಗೆ ಹೋಗಿ ಮುದಕವ್ವನಿಗೂ ತನಗೂ ಚಹಾ ತಂದಳು. ಪೂರ್ಣಿಮಾಗೆ ಮಾತ್ರ ಕೊಡಲಿಲ್ಲ. ಮನೆಗೆ ಹೋಗಿ ಓದು ಎಂದು ಅಟ್ಟಿದಳು.

ಉಳಿದ ದಿನಗಳು ಬೇಗ ಹೋದವು. ಪೂರ್ಣಿಮಾ ಪುಸ್ತಕವನ್ನು ಮೊದಲಿನಿಂದ ಓದಿದಳು. ಈ ಸಲ ಪ್ರತಿಯೊಂದು ನಿಯಮದ ಎದುರೂ ಅಂಚಿನಲ್ಲಿ ಒಂದು ಪ್ರಶ್ನೆ ಬರೆದಳು: ಇದನ್ನು ಹೇಳುತ್ತಿರುವವರು ಯಾರು, ಅವರಿಗೆ ಏನು ಬೇಕಾಗಿದೆ? ಹೊರಗಿನ ಸಾಕ್ಷಿ ಗಟ್ಟಿ ಎಂಬ ಸಾಲಿನ ಕೆಳಗೇ, ಅವಳು ಎರಡು ವರ್ಷ ಕಣ್ಣಾಡಿಸಿ ದಾಟಿಹೋಗಿದ್ದ ಇನ್ನೊಂದು ಸಾಲಿತ್ತು. ಸಾಕ್ಷಿ ಎಂಥ ಸಂದರ್ಭದಲ್ಲಿ ಬಂತು ಎಂಬುದರ ಮೇಲೆ ಅದರ ಬಲ ನಿಲ್ಲುತ್ತದೆ ಎಂದು ಅಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು. ಅಡಿವೆಯ್ಯನವರಿಗೆ ಫೋನಿನಲ್ಲಿ ಗುರುಬಸವ್ವನ ಕಥೆ ಹೇಳಿದಾಗ ಅವರು ಬಹಳ ನಕ್ಕರು. ಮೂವತ್ತು ವರ್ಷದ ಕೆಲಸದಲ್ಲಿ ತನಗೆ ಬರಬೇಕಾದ್ದನ್ನು ಇಲ್ಲ ಎಂದವರನ್ನು ನಾನು ಕಂಡಿಲ್ಲ, ಆದರೆ ನೀನು ಆಯಿಯ ಮೊಳಕಾಲು ನೋಡಬೇಕಾಗಿತ್ತು ಎಂದರು.

ಹುಬ್ಬಳ್ಳಿಯ ಪರೀಕ್ಷಾ ಕೊಠಡಿಯಲ್ಲಿ ನಾಲ್ಕನೆಯ ಪ್ರಶ್ನೆಗೆ ಒಂದು ಹಂಚಿನ ಕಾರ್ಖಾನೆ ಬಂದಿತ್ತು. ಬಾಕಿದಾರರೆಲ್ಲ ತಾವು ಕೊಡಬೇಕಾದ್ದನ್ನು ಒಪ್ಪಿ ಖಾತ್ರಿಪತ್ರ ಕಳಿಸಿದ್ದಾರೆ, ಅಂಕಿಗಳೆಲ್ಲ ತಾಳೆಯಾಗಿವೆ, ಅವರಲ್ಲಿ ದೊಡ್ಡ ಬಾಕಿದಾರ ಮಾಲೀಕನ ಭಾವಮೈದುನ. ಹೋದ ಸಲದ ಪೂರ್ಣಿಮಾ ಆಗಿದ್ದರೆ ಖಾತ್ರಿಪತ್ರದ ಐದು ನಿಯಮ ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದಳು. ಈ ಸಲ ಅವಳು ಪೆನ್ನು ಕೆಳಗಿಟ್ಟು ಒಂದು ನಿಮಿಷ ಆ ಕಾರ್ಖಾನೆಯೊಳಗೆ ಓಡಾಡಿದಳು. ಭಾವಮೈದುನನ ಮುಖ ನೋಡಿದಳು. ಆಮೇಲೆ ಬರೆದಳು.

ಪರೀಕ್ಷೆ ಮುಗಿದು ಬಂದ ಮೂರನೆಯ ದಿನಕ್ಕೆ ಗುರುಬಸವ್ವನ ಮೇಲಿನ ಹೊಲದ ಕಡಲೆ ಕೀಳುವುದಿತ್ತು. ಕೊಯ್ಲಿನ ಮುಯ್ಯಿಗೆ ಕಡಲೆ ಕೀಳುವುದು ನಡೆಯುತ್ತದೆಯೇ ಎಂದು ಮುದಕವ್ವ ಒಂದು ದಿನ ಯೋಚಿಸಿ, ಅದಕ್ಕೂ ಬಗ್ಗಬೇಕಲ್ಲ ಎಂದು ಒಪ್ಪಿದಳು. ಪೂರ್ಣಿಮಾ ಮೂರು ದಿನ ಹೋದಳು. ಹಸಿ ಕಡಲೆಯ ಹುಳಿಗೆ ಕೈ ಉರಿಯಿತು. ಮೂರು ದಿನಕ್ಕೆ ಹೊಲ ಮುಗಿಯಿತು. ನಾಲ್ಕನೆಯ ದಿನಕ್ಕೆ ಕೆಲಸವೇ ಉಳಿಯಲಿಲ್ಲ.

ಮಾರ್ಚ್ ಮೊದಲ ವಾರ ಫಲಿತಾಂಶ ಬಂತು. ಆಡಿಟಿಂಗಿಗೆ ಐವತ್ತೊಂದು, ಗುಂಪು ಪಾಸು. ಮುದಕವ್ವ ಐವತ್ತೊಂದು ಎಂದರೆ ಎಷ್ಟಕ್ಕೆ ಎಂದು ಕೇಳಿದಳು. ನೂರಕ್ಕೆ ಎಂದಾಗ ಸ್ವಲ್ಪ ಬೇಸರವಾಯಿತು, ಸಾಲುವುದಕ್ಕಿಂತ ಹನ್ನೊಂದು ಹೆಚ್ಚು ಎಂದಾಗ ಸಮಾಧಾನವಾಯಿತು. ಅಡಿವೆಯ್ಯನವರು ಸೋಮವಾರವೇ ಬಂದು ಸೇರು ಎಂದರು.

ಸೋಮವಾರ ಬೆಳಗಿನ ಬಸ್ಸಿಗೆ ಕರಿಬಸಪ್ಪ ಮಗಳ ಚೀಲ ಹೊತ್ತು ನಿಂತಿದ್ದ. ಗುರುಬಸವ್ವ ಎಮ್ಮೆ ಹೊಡೆದುಕೊಂಡು ಅದೇ ದಾರಿಯಲ್ಲಿ ಬಂದಳು. ಪೂರ್ಣಿಮಾ ಕಾಲು ಮುಟ್ಟಿ ನಮಸ್ಕರಿಸಿದಳು. ಕೇಳಬೇಕೆಂದಿದ್ದ ಮಾತನ್ನು ಕೇಳುವ ಮೊದಲೇ ಗುರುಬಸವ್ವ ಹೇಳಿದಳು.

"ಎರಡು ಅದಾವು. ನಾಟಿಗೆ ರಜಾ ಹಾಕಿ ಬಾ."

ನಾಟಿಯ ತಿಂಗಳುಗಳೇ ಆಡಿಟರ್ ಕಚೇರಿಗೆ ಉಸಿರಾಡಲು ಬಿಡುವಿಲ್ಲದ ತಿಂಗಳುಗಳು ಎಂದು ಪೂರ್ಣಿಮಾಗೆ ಗೊತ್ತಿತ್ತು. ಬರುತ್ತೇನೆ ಎನ್ನಲು ಅವಳಿಗೆ ಧೈರ್ಯವಾಗಲಿಲ್ಲ.

"ಆಗ ರಜಾ ಸಿಗೂದು ಕಷ್ಟ ಐತಿ ದೊಡ್ಡವ್ವ."

"ಸಿಗಲಿಲ್ಲಂದ್ರ ಸುಗ್ಗಿಗೆ ಬಾ. ಸುಗ್ಗಿಗೂ ಆಗಲಿಲ್ಲಂದ್ರ ಅದರ ಮುಂದಿನ ವರ್ಷ ಬಾ. ಎರಡು ಅಂತ ನಾ ಅಂತೂ ಮರಿಯೂದಿಲ್ಲ."

ಬಸ್ಸು ಬಂತು. ಕರಿಬಸಪ್ಪ ಚೀಲ ಮೇಲೆ ಕೊಟ್ಟ. ಗುರುಬಸವ್ವ ಎಮ್ಮೆಗಳನ್ನು ರಸ್ತೆಯ ಅಂಚಿಗೆ ಸರಿಸಿ, ಬಸ್ಸಿಗೆ ದಾರಿ ಬಿಟ್ಟಳು.